ಅಲಾಯ್ ಚಕ್ರದ ಕಪ್ಪು ಧೂಳಿಗೆ ಆಸಿಡ್ ಹಾಕಿಸಬಹುದೇ?

ಕೌಲ್ ಬಜಾರ್ ನಿವಾಸಿ:
ಬಳ್ಳಾರಿಯಿಂದ ತೋರಣಗಲ್ಲಿಗೆ ದಿನವೂ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತೇನೆ. ತೊಳೆಸಿದ ಕೆಲವೇ ದಿನಗಳಲ್ಲಿ ಮುಂದಿನ ಎರಡೂ ಚಕ್ರ ಕಪ್ಪಾಗುತ್ತವೆ, ಹಿಂದಿನವು ಅಷ್ಟಿಲ್ಲ. ನಟ್ಟುಗಳ ಸುತ್ತ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳಿವೆ, ಉಗುರಿನಿಂದ ಕೆರೆದರೂ ಬರುವುದಿಲ್ಲ. ಇದೆಲ್ಲ ಅದಿರಿನ ಧೂಳು, ಆಸಿಡ್ ಹಾಕಿದರೆ ಹೋಗುತ್ತದೆ ಎಂದು ತೊಳೆಯುವವರು ಹೇಳುತ್ತಾರೆ. ಹಾಕಿಸಲೇ?

ಸಂಡೂರು ದಾರಿಯವನು:
ಬೇಡವೇ ಬೇಡ ಸರ್. ನಮ್ಮ ಜಿಲ್ಲೆಯಲ್ಲಿ ಏನು ಕೊಳೆಯಾದರೂ ಪಾಪ ಅದಿರಿನ ತಲೆಗೇ ಕಟ್ಟುತ್ತಾರೆ. ಅದಿರಿನ ಧೂಳು ಕೆಂಪು, ಬಹುಪಾಲು ಶಾಂಪೂ ನೀರಿಗೇ ಬಿಟ್ಟುಹೋಗುತ್ತದೆ. ಕಪ್ಪಗೆ ಕೂತಿರುವುದು ಬ್ರೇಕ್ ಧೂಳು. ಬ್ರೇಕ್ ಒತ್ತಿದಾಗ ಪ್ಯಾಡ್ ಜೊತೆಗೆ, ಅದು ಒತ್ತಿ ಹಿಡಿಯುವ ಬೀಡು ಕಬ್ಬಿಣದ ಡಿಸ್ಕ್ ಕೂಡ ಸವೆಯುತ್ತದೆ. ಕಾದು ಹಾರಿದ ಕಬ್ಬಿಣದ ಕಣ ಚಕ್ರದ ಲೇಪಕ್ಕೆ ಕಚ್ಚಿಕೊಂಡು ಅಲ್ಲಿಯೇ ತುಕ್ಕು ಹಿಡಿಯುತ್ತದೆ. ನಿಮ್ಮ ಕಂದು ಚುಕ್ಕೆ ಅದೇ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕಿಗೆ ಕೆಲಸ ಹೆಚ್ಚು. ಹಿಂದೆ ಮುಚ್ಚಿದ ಡ್ರಮ್ ಬ್ರೇಕ್ ಇದ್ದರೆ ಧೂಳು ಬಹುಮಟ್ಟಿಗೆ ಅದರೊಳಗೇ ಉಳಿಯುತ್ತದೆ.

ಐರನ್ ರಿಮೂವರ್ ಎಂದು ಕೇಳಿ ತನ್ನಿ. ಮೊದಲು ಬರೀ ನೀರು ಬಿಟ್ಟು ಸಡಿಲ ಧೂಳು ಇಳಿಸಿ. ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಗ್ಯಾರಂಟಿ. ಆಮೇಲೆ ಸಿಂಪಡಿಸಿ. ಕಬ್ಬಿಣ ಸಿಕ್ಕಲ್ಲೆಲ್ಲ ದ್ರಾವಣ ನೇರಳೆ ಬಣ್ಣಕ್ಕೆ ತಿರುಗಿ ಕಡ್ಡಿಗಳ ಮೇಲೆ ಗೆರೆಗೆರೆಯಾಗಿ ಇಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಅಂಗಳದಲ್ಲೇ ಮಾಡಿ. ಕೈಗವಸು ಇರಲಿ. ಸೀಸೆಯ ಮೇಲೆ ಬರೆದಷ್ಟೇ ಹೊತ್ತು ಬಿಟ್ಟು, ಒಣಗುವ ಮುನ್ನ ಮೃದು ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಚಕ್ರ ಬಿಸಿ ಇರುವಾಗ ಮಾತ್ರ ಮುಟ್ಟಬೇಡಿ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದಲ್ಲ, ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ಸರಿಯಾದ ಹೊತ್ತು.

ತೊಳೆಯುವವರು ಹೇಳುವ ಆಸಿಡ್ ಕಕ್ಕಸು ತೊಳೆಯುವಂಥದ್ದಾದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಅಲಾಯ್ ಚಕ್ರ ಎಂದರೆ ಬಹುಪಾಲು ಅಲ್ಯೂಮಿನಿಯಂ, ಲೇಪ ಒಡೆದಲ್ಲೆಲ್ಲ ಅದನ್ನು ಆಮ್ಲ ತಿನ್ನುತ್ತದೆ. ಆಮೇಲೆ ಮಂಕಾದ ಚಕ್ರಕ್ಕೆ ಯಾವ ಸೀಸೆಯೂ ಇಲ್ಲ.

ಗಂಗಾವತಿ ಗ್ಯಾರೇಜ್:
ಮೇಲಿನವರು ಹೇಳಿದ್ದು ಸರಿ. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ತಕ್ಷಣ ಒರೆಸಿ, ಇಲ್ಲವಾದರೆ ಉಪ್ಪಿನ ಬಿಳಿ ಕಲೆ ಕೂರುತ್ತದೆ. ಚೆನ್ನಾಗಿ ಒಣಗಿದ ಚಕ್ರಕ್ಕೆ ವೀಲ್ ಸೀಲೆಂಟ್, ಅಂದರೆ ತೆಳು ರಕ್ಷಣಾ ಪದರ ಕಟ್ಟುವ ದ್ರಾವಣ ಹಚ್ಚಿ. ಧೂಳು ಬರುವುದು ನಿಲ್ಲುವುದಿಲ್ಲ, ಅಂಟುವುದು ಕಡಿಮೆಯಾಗುತ್ತದೆ. ಡಿಸ್ಕ್ ಮೇಲೆ ಸೀಲೆಂಟ್‌ನ ಒಂದು ಹನಿಯೂ ಬೀಳಬಾರದು, ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಮುಂದಿನ ಸಲ ಪ್ಯಾಡ್ ಬದಲಿಸುವಾಗ ಸೆರಾಮಿಕ್ ಕೇಳಿ ನೋಡಿ, ಧೂಳು ಕಡಿಮೆ, ಬೆಲೆ ಹೆಚ್ಚು.

ಕೌಲ್ ಬಜಾರ್ ನಿವಾಸಿ:
ಧನ್ಯವಾದ ಅಣ್ಣ, ಆಸಿಡ್ ಕೈಬಿಟ್ಟೆ. ಟೈರಿಗೂ ಇದೇ ಸೀಲೆಂಟ್ ನಡೆಯುತ್ತದೆಯೇ?

ಸಂಡೂರು ದಾರಿಯವನು:
ಇಲ್ಲ, ಅದು ಲೋಹಕ್ಕೆ. ಟೈರಿಗೆ ಶಾಂಪೂ ನೀರೇ ಸಾಕು. ಹೊಳಪಿನ ಎಣ್ಣೆ ಹಚ್ಚಿದರೆ ತೋರಣಗಲ್ಲು ಮುಟ್ಟುವ ಮೊದಲೇ ಟೈರು ಕೆಂಪಾಗಿರುತ್ತದೆ. ಆಗ ಅದಿರನ್ನು ಬೈದರೂ ನನ್ನ ತಕರಾರಿಲ್ಲ.