ಮಳೆನೀರಿಗೆ ನಿಯಮ ಮಾಡೋದಾದ್ರೆ ಕಾರವಾರಕ್ಕೂ ಶಿರಸಿಗೂ ಒಂದೇ ಸಾಕಾ?

ಕೋಡಿಬಾಗದವ:
ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಅಂತಲೇ ಮಳೆನೀರಿನ ನಿಯಮ ಬೇಕು ಅನ್ನೋದು ನನ್ನ ವಾದ. ಮನೆ ಕಟ್ಟುವವರು, ಲೇಔಟ್ ಮಾಡುವವರು, ರಸ್ತೆ ಹಾಕುವವರು, ಎಲ್ಲರಿಗೂ ಅನ್ವಯಿಸಬೇಕು. ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಖಾಲಿ ಸೈಟಿಗೆ ಮೂರಡಿ ಕೆಂಪು ಮಣ್ಣು ತುಂಬಿಸಿದರು. ಮೊದಲು ಅಲ್ಲಿ ನೀರು ನಿಂತು ನಿಧಾನಕ್ಕೆ ಗಟಾರಕ್ಕೆ ಹೋಗುತ್ತಿತ್ತು. ಈಗ ಸೀದಾ ನಮ್ಮ ಅಡುಗೆಮನೆಗೆ. ಖಾಲಿ ಗ್ಯಾಸ್ ಸಿಲಿಂಡರ್ ತೇಲಿಬಂದು ಬಾಗಿಲಿಗೆ ಟಣ್ ಟಣ್ ಅಂತ ಬಡಿದಾಗಲೇ ನಮಗೆ ಎಚ್ಚರ ಆಗಿದ್ದು. ಕೇಳಲು ಹೋದರೆ "ನಮ್ಮ ಜಾಗ, ನಮ್ಮ ಮಣ್ಣು" ಅಂದರು. ನನ್ನ ಕೈಯಲ್ಲಿ ತೋರಿಸಲು ಒಂದು ಕಾಗದ ಇರಲಿಲ್ಲ.
1000 ಚದರಡಿ ದಾಟಿದ ಎಲ್ಲ ಹೊಸ ಕಟ್ಟಡಕ್ಕೂ ಇಂಗುಗುಂಡಿ ಕಡ್ಡಾಯ ಮಾಡಿದರೆ ಹೇಗೆ?

ಶಿರಸಿ ತೋಟಿಗ:
ಒಪ್ಪಿದೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 1000 ಚದರಡಿ ಸೂರು ಅಂದರೆ ಸುಮಾರು 93 ಚದರ ಮೀಟರ್. ದಿನಕ್ಕೆ 100 ಮಿ.ಮೀ. ಮಳೆ ನಮ್ಮ ಆಷಾಢದಲ್ಲಿ ದೊಡ್ಡ ಸಂಗತಿಯೇನಲ್ಲ. ಆದರೆ ಆ ಒಂದೇ ಸೂರಿನಿಂದ 9,300 ಲೀಟರ್ ಬೀಳುತ್ತದೆ! ಅಷ್ಟನ್ನೂ ರಸ್ತೆಗೆ ಬಿಟ್ಟು, ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡುತ್ತೇವೆ.

ಮಾಜಾಳಿಯವಳು:
ತೋಟಿಗರೇ, ನಿಮ್ಮದು ಘಟ್ಟದ ಮೇಲಿನ ಊರು, ನಿಮಗೆ ಸರಿ. ನಮ್ಮದು ಮರಳು ನೆಲ. ಜುಲೈನಲ್ಲಿ ನಮ್ಮ ಬಾವಿಗೆ ಹಗ್ಗವೇ ಬೇಡ, ಬಗ್ಗಿ ಚೊಂಬಲ್ಲಿ ಮೊಗೆಯಬಹುದು. ಅಲ್ಲಿ ಇಂಗುಗುಂಡಿ ತೋಡಿದರೆ ತಳದಿಂದಲೇ ನೀರು ಬರುತ್ತದೆ. ಸೊಳ್ಳೆಗೆ ಮನೆ ಕಟ್ಟಿಕೊಟ್ಟ ಹಾಗೆ. ನಮ್ಮ ತೊಂದರೆ ಬೇರೆ. ಅಮಾವಾಸ್ಯೆ, ಹುಣ್ಣಿಮೆಗೆ ದೊಡ್ಡ ಭರತ (ಸಮುದ್ರದ ಉಬ್ಬರ) ಬಂದಾಗಲೇ ಜೋರು ಮಳೆ ಹೊಡೆದರೆ, ಹಳ್ಳದ ನೀರು ಸಮುದ್ರಕ್ಕೆ ಇಳಿಯೋದಿಲ್ಲ, ತಿರುಗಿ ಊರಿಗೇ ಬರುತ್ತದೆ. ಹಳ್ಳದ ಬಾಯಿಗೆ ಅಲೆ ತಂದು ಹಾಕಿದ ಮರಳನ್ನು ಮೇ ತಿಂಗಳಲ್ಲೇ ಬಿಡಿಸಬೇಕು. ನಿಯಮದಲ್ಲಿ ಅದು ಇರಲಿ.

ಕುಮಟಾ ಗಜನಿ:
ಮಾಜಾಳಿ ಅಕ್ಕ ಹೇಳಿದ್ದು ಸರಿ. ಅಘನಾಶಿನಿ ನದಿಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ನಮ್ಮ ಅಜ್ಜಂದಿರು ಕಟ್ಟೆಗೆ ಜಂತ್ರಡಿ ಅನ್ನೋ ಹಲಗೆ ಬಾಗಿಲು ಇಡುತ್ತಿದ್ದರು. ಇಳಿತದಲ್ಲಿ ಒಳಗಿನ ನೀರು ಹೊರಗೆ, ಭರತದಲ್ಲಿ ಹಲಗೆ ಬಂದ್. ಈಗ ಊರಿನ ದೊಡ್ಡ ಗಟಾರಗಳು ಸಮುದ್ರಕ್ಕೆ ಸೇರುವ ಕಡೆ ಅಂಥ ಬಾಗಿಲು ಎಲ್ಲಿದೆ ತೋರಿಸಿ. ಹಲಗೆ ಎತ್ತಲು ಒಬ್ಬ ಆಳು ಬೇಕು, ಅಷ್ಟೇ. ಆ ಆಳಿನ ಸಂಬಳ ಯಾರ ಲೆಕ್ಕದಲ್ಲಿ ಅನ್ನೋದನ್ನೂ ಬರೆಯಬೇಕು, ಇಲ್ಲದಿದ್ದರೆ ಎರಡೇ ವರ್ಷಕ್ಕೆ ಬಾಗಿಲು ತುಕ್ಕು ಹಿಡಿದು ನಿಲ್ಲುತ್ತದೆ.

ಅಂಕೋಲೆ ಮೇಷ್ಟ್ರು:
ಗುಡ್ಡದ ಮಾತು ಯಾರೂ ಎತ್ತಲಿಲ್ಲ. 2009ರ ಅಕ್ಟೋಬರದಲ್ಲಿ ಕಾರವಾರದ ಪಕ್ಕ ಕಡವಾಡದಲ್ಲಿ ಗುಡ್ಡ ಜಾರಿ 19 ಜನ ಸತ್ತರು. 2024ರ ಜುಲೈ 16ಕ್ಕೆ ನಮ್ಮ ಶಿರೂರು. ಅಲ್ಲಿ ಇಂಗುಗುಂಡಿ ತೋಡಿದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ಕಡಿದ ಗುಡ್ಡದ ನೆತ್ತಿಯಲ್ಲಿ ನೀರು ಇಂಗಿಸಿದರೆ ಮಣ್ಣು ತೂಕ ಆಗುತ್ತದೆ, ಹಿಡಿತ ಸಡಿಲಾಗುತ್ತದೆ. ಅಲ್ಲಿ ನೀರನ್ನು ಕಲ್ಲು ಕಟ್ಟಿದ ಕಾಲುವೆಯಲ್ಲಿ ಇಳಿಸಿ ಹಳ್ಳಕ್ಕೆ ಸೇರಿಸಬೇಕು. ಒಂದೇ ತಾಲೂಕಿನಲ್ಲಿ ಒಂದು ಕಡೆ ಇಂಗಿಸು, ಇನ್ನೊಂದು ಕಡೆ ಇಂಗಿಸಬೇಡ ಅಂತ ಬರೆಯಬೇಕಾಗುತ್ತದೆ.

ಸಿವಿಲ್ ಕೆಲಸದವ:
ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನಿಯಮ ಅಂದರೆ ಊರಿಗೊಂದು ಕಥೆ ಅಲ್ಲ ಮಾರಾಯ್ರೇ. ಮಳೆನೀರು ಚರಂಡಿಗೆ ಅಂತಲೇ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ಕೈಪಿಡಿ ತಂದಿದೆ. ಮಳೆಯ ದಾಖಲೆ, ಇಳಿಜಾರು, ನೀರು ಹರಿದು ಬರುವ ಪ್ರದೇಶ ಇಟ್ಟುಕೊಂಡು ಲೆಕ್ಕ ಹಾಕಿದರೆ ಚರಂಡಿ ಅಳತೆ ಬರುತ್ತದೆ. ಜನರನ್ನು ಕೇಳಿದರೆ ಪ್ರತಿಯೊಬ್ಬರೂ ತಮ್ಮ ಮನೆ ಎದುರಿನ ಗಟಾರ ಮಾತ್ರ ಹೇಳುತ್ತಾರೆ.

ಮಾಜಾಳಿಯವಳು:
ಹೇಳಲಿ ಬಿಡಿ! ನೂರು ಜನ ನೂರು ಗಟಾರ ಹೇಳಿದರೆ ಊರಿನ ನಕ್ಷೆ ಆಯ್ತಲ್ವಾ? ಕೇಳುವುದಾದರೂ ಯಾವಾಗ? ಜನರನ್ನು ಕೇಳುವ ಸಭೆ ಇಡೋದು ಬೆಳಿಗ್ಗೆ 11ಕ್ಕೆ. ಆ ಹೊತ್ತಿಗೆ ನನ್ನ ಅತ್ತೆ ಮೀನಿನ ಬುಟ್ಟಿ ಎದುರು ಕೂತಿರುತ್ತಾರೆ. ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯೋದು ಅಂದರೆ ನೋಟಿಸ್ ಬೋರ್ಡಿಗೆ ನಾಲ್ಕು ಹಾಳೆ ಅಂಟಿಸಿ ದಿನ ಎಣಿಸೋದಲ್ಲ. ಸಂಜೆ ಮೀನು ಮಾರ್ಕೆಟ್ಟಿಗೆ ನಕ್ಷೆ ತನ್ನಿ. ಎಲ್ಲಿಯವರೆಗೆ ನೀರು ಬಂದಿತ್ತು ಅಂತ ಅವರೇ ಬೆರಳಿಟ್ಟು ತೋರಿಸುತ್ತಾರೆ.

ಸಿವಿಲ್ ಕೆಲಸದವ:
ಬೆರಳು ಇಟ್ಟಿದ್ದಕ್ಕೆ ಅಳತೆ ಬೇಡವಾ? "ಮೊಣಕಾಲುದ್ದ ನೀರು" ಅಂದರೆ ಯಾರ ಮೊಣಕಾಲು?

ಶಿರಸಿ ತೋಟಿಗ:
ಹ್ಹ ಹ್ಹ, ಅದು ನಿಜ. ಗೋಡೆಯ ಮೇಲೆ ಕಲೆ ಇರುತ್ತದೆ, ಟೇಪು ಹಿಡಿದು ಅಳೆದರಾಯ್ತು. ಇನ್ನೊಂದು ಮಾತು: ನೀರು ವಾರ್ಡಿನ ಗಡಿ ನೋಡಿ ಹರಿಯೋದಿಲ್ಲ. ನಾನು ಬಸಿಗಾಲುವೆ ಬಿಡಿಸದಿದ್ದರೆ ಕೊಳೆಯುವುದು ಕೆಳಗಿನ ತೋಟದವನ ಅಡಿಕೆ. ಹಾಗಾಗಿ ಸಭೆಯನ್ನೂ ಹಳ್ಳಕ್ಕೊಂದರಂತೆ ಇಡಲಿ. ಮೇಲಿನವರು, ಕೆಳಗಿನವರು ಎದುರುಬದುರು ಕೂರಲಿ.

ಸಿವಿಲ್ ಕೆಲಸದವ:
ಹಳ್ಳಕ್ಕೊಂದು ಸಭೆ ಅನ್ನೋದಕ್ಕೆ ನನ್ನ ತಕರಾರಿಲ್ಲ. ಅಳತೆ, ತಾರೀಖು, ಫೋಟೋ ಮೂರೂ ಇದ್ದರೆ ನಾನೇ ನಕ್ಷೆಗೆ ಏರಿಸಿಕೊಡುತ್ತೇನೆ. ಆದರೆ ಮಣ್ಣು ತುಂಬಿಸೋದಕ್ಕೆ ಮಿತಿ ಹಾಕಿ ಅಂದರೆ ಮೊದಲು ವಿರೋಧ ಮಾಡುವವರು ಇಲ್ಲೇ ಇರುತ್ತಾರೆ, ನೋಡ್ತಾ ಇರಿ.

ಕೋಡಿಬಾಗದವ:
ಇಂಗುಗುಂಡಿ ಎಲ್ಲರಿಗೂ ಕಡ್ಡಾಯ ಅಂದಿದ್ದನ್ನು ವಾಪಸ್ ತಗೊಂಡೆ. ಮಣ್ಣು ತುಂಬಿಸುವ ಮೊದಲು ಪಕ್ಕದವರ ನೀರಿಗೆ ದಾರಿ ಬಿಡಬೇಕು ಅನ್ನೋದನ್ನು ಮಾತ್ರ ಬಿಡಲ್ಲ. ನಮ್ಮ ಅಡುಗೆಮನೆ ಗೋಡೆಯಲ್ಲಿ ಕಲೆ ಇನ್ನೂ ಇದೆ, ಈಗಷ್ಟೇ ಅಳೆದೆ. ನೆಲದಿಂದ ಒಂದಡಿ ಏಳಂಗುಲ. ಚೌತಿಗೆ ಸುಣ್ಣ ಹೊಡೆಯಬೇಕು ಅಂತ ಮನೆಯವಳು ಕೂತಿದ್ದಾಳೆ, ಅಷ್ಟರೊಳಗೆ ಯಾರಾದರೂ ಬಂದು ಫೋಟೋ ತೆಗೆದುಕೊಳ್ಳಿ.