ಅಪ್‌ಡೇಟ್: ದಾವಣಗೆರೆ ಕಲ್ಯಾಣ ಮಂಟಪಕ್ಕೆ ಕೈನೆಟಿಕ್ ಲೈಟ್

18 ಅಡಿ ಎತ್ತರದ ಹಾಲ್‌ಗೆ ಮೇಲೆ-ಕೆಳಗೆ ಆಡುವ ಎಲ್‌ಇಡಿ ಬಾಲ್ ಯಾವುದು ಹೊಂದುತ್ತೆ ಅಂತ ಕೇಳಿದ್ದೆ. ತಲಾ 8 ಚಾನೆಲ್‌ನ (ಬಣ್ಣ, ಎತ್ತರ ಇತ್ಯಾದಿ ನಿಯಂತ್ರಿಸುವ ಸಿಗ್ನಲ್) 48 ಬಾಲ್ ಫೈನಲ್ ಆಗಿದೆ.

ಒಟ್ಟು 384 ಚಾನೆಲ್, ಲೈಟ್ ನಿಯಂತ್ರಿಸುವ ಡಿಎಂಎಕ್ಸ್ ವ್ಯವಸ್ಥೆಯ ಒಂದು ಯೂನಿವರ್ಸ್‌ನ (ಚಾನೆಲ್‌ಗಳ ಒಂದು ಗುಂಪು) 512ರೊಳಗೇ ಬರುತ್ತೆ. ಆದರೆ ಒಂದು ಲೈನ್‌ಗೆ 32 ಫಿಕ್ಸ್ಚರ್ (ಲೈಟ್ ಸಾಧನ, ಇಲ್ಲಿ ಬಾಲ್) ಮಿತಿ. ಅದಕ್ಕೆ ಸ್ಪ್ಲಿಟರ್ (ಸಿಗ್ನಲ್ ಹಂಚುವ ಸಾಧನ) ಹಾಕಿ 16ರಂತೆ ಮೂರು ಲೈನ್, ಪ್ರತಿ ಲೈನ್ ಕೊನೆಗೆ 120 ಓಮ್ ಟರ್ಮಿನೇಟರ್ (ಲೈನ್ ತುದಿಗೆ ಹಾಕುವ ರೆಸಿಸ್ಟರ್). ಅದಿಲ್ಲದಿದ್ದರೆ ಸಿಗ್ನಲ್ ತಿರುಗಿ ಬಂದು ಲೈಟ್ ಮಿಣುಕುತ್ತೆ, ಬಾಲ್ ತಡವರಿಸುತ್ತೆ.

ಫಾಲ್ಸ್ ಸೀಲಿಂಗ್‌ಗೆ ನೇತು ಹಾಕೋದು ಬೇಡವೇ ಬೇಡ. ಆರ್‌ಸಿಸಿ ಬೀಮ್‌ಗೆ ಆಂಕರ್, ಅದಕ್ಕೆ ಟ್ರಸ್ (ಲೋಹದ ಚೌಕಟ್ಟು), ಬಾಲ್ ಏರಿಸಿ ಇಳಿಸುವ ಪ್ರತಿ ವಿಂಚ್‌ಗೂ ಪ್ರತ್ಯೇಕ ಸೇಫ್ಟಿ ವೈರ್. ತೂಕದ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರವೇ ಮಾಡಿಸಿ. ಎಲ್ಲಾ ಬಾಲ್ ಒಟ್ಟಿಗೆ ನಿಂತಾಗಿನ ಜರ್ಕೂ ಅದರಲ್ಲಿ ಸೇರಲಿ.

ನಮ್ಮೂರ ಬೇಸಿಗೆ ಮದುವೆಗಳಲ್ಲಿ ಫ್ಯಾನ್ ನಿಲ್ಲಿಸೋಕಾಗಲ್ಲ. ಗಾಳಿಗೆ ಬಾಲ್ ತೂಗಾಡಿ ವೈರ್ ಸಿಕ್ಕಿಕೊಳ್ಳುತ್ತೆ, ಆದ್ದರಿಂದ ಫ್ಯಾನ್ ಪಕ್ಕದ ಸಾಲು ಖಾಲಿ ಬಿಟ್ಟಿದ್ದೇವೆ.