ಟಿಗ್‌ಗೆ 11ನೇ ನಂಬರ್ ಗಾಜು ಜಾಸ್ತಿ ಕಪ್ಪಾಯಿತಾ?

ಪ್ರಶ್ನೆ:
ಇಷ್ಟು ದಿನ ಬರೀ ರಾಡ್ ವೆಲ್ಡಿಂಗ್ ಮಾಡುತ್ತಿದ್ದೆ. 2.5 ಎಂಎಂ ರಾಡ್, 80-90 ಆಂಪ್ಸ್, ಹೆಲ್ಮೆಟ್‌ನಲ್ಲಿ 11ನೇ ನಂಬರ್ ಗಾಜು. ತೊಂದರೆ ಇರಲಿಲ್ಲ. ಈಗ ಟಿಗ್ (ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್, ಅಂದರೆ ವಿದ್ಯುತ್ ಕಿಡಿ, ಹೊತ್ತಿಸಿ ಫಿಲ್ಲರ್ ತಂತಿಯನ್ನು ಬೇರೆಯಾಗಿ ಕೊಡುವ ವೆಲ್ಡಿಂಗ್) ಕಲಿಯುತ್ತಿದ್ದೇನೆ, ತೆಳು ಸ್ಟೇನ್‌ಲೆಸ್ ಶೀಟ್, 35 ಆಂಪ್ಸ್. ಅದೇ ಗಾಜಲ್ಲಿ ಒಂದು ಚುಕ್ಕೆ ಬೆಳಕು ಬಿಟ್ಟು ಏನೂ ಕಾಣುವುದಿಲ್ಲ, ಫಿಲ್ಲರ್ ತಂತಿ ಎಲ್ಲಿದೆ ಅಂತ ಗೊತ್ತಾಗದೆ ಎರಡು ಸಲ ಟಂಗ್‌ಸ್ಟನ್‌ಗೇ ತಗುಲಿಸಿದೆ. ಶೇಡ್ (ಗಾಜಿನ ಕಪ್ಪಿನ ನಂಬರ್, ಹೆಚ್ಚಾದಷ್ಟೂ ಕಪ್ಪು) ಇಳಿಸಿದರೆ ಕಣ್ಣಿಗೆ ಅಪಾಯ ಅಲ್ವಾ?

ಉತ್ತರ 1:
ಇಳಿಸಿ, ಹೆದರಬೇಡಿ. 50 ಆಂಪ್ಸ್ ಒಳಗಿನ ಟಿಗ್‌ಗೆ ಕನಿಷ್ಠ 8 ಇರಬೇಕು. 10ರಿಂದ ಶುರು ಮಾಡಿ, ಕರಗಿದ ಲೋಹವೂ ಜೋಡಣೆಯ ಗೆರೆಯೂ ಕಾಣುವ ತನಕ ಒಂದೊಂದೇ ನಂಬರ್ ಇಳಿಸಿ, ಆದರೆ 8ಕ್ಕಿಂತ ಕೆಳಗೆ ಬೇಡ. ಗಾಜು ಕಪ್ಪಾದಷ್ಟೂ ಒಳ್ಳೆಯದು ಅಂತ ಸುಮ್ನೆ ಹೇಳುತ್ತಾರೆ, ಕಾಣದಿದ್ದರೆ ಮುಖವನ್ನು ಹೊಗೆಯ ಹತ್ತಿರ ತಳ್ಳುತ್ತೀರಿ, ಅಷ್ಟೇ. ರಾಡ್‌ಗೆ 60-160 ಆಂಪ್ಸ್‌ನಲ್ಲಿ 10 ಸರಿ, 160 ದಾಟಿದರೆ 12. ಮಿಗ್‌ನಲ್ಲಿ (ತಂತಿ ಯಂತ್ರದಿಂದ ತಾನೇ ಬರುವ ವೆಲ್ಡಿಂಗ್) ಹೊಗೆ ಕಡಿಮೆ, ಆರ್ಕ್ ನೇರವಾಗಿ ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ 60-160 ಆಂಪ್ಸ್‌ಗೆ 11 ಹಾಕಿ.

ಉತ್ತರ 2:
ಮುಂದೆ ಆಟೋ ಹೆಲ್ಮೆಟ್ (ಆರ್ಕ್ ಹೊತ್ತಿದೊಡನೆ ಗಾಜು ತಾನೇ ಕಪ್ಪಾಗುವಂಥದ್ದು) ತಗೊಂಡರೆ ಒಂದು ವಿಷಯ. ಕಡಿಮೆ ಆಂಪ್ಸ್ ಟಿಗ್‌ನ ಬೆಳಕನ್ನು ಕೆಲವು ಸೆನ್ಸರ್‌ಗಳು ಹಿಡಿಯುವುದೇ ಇಲ್ಲ, ಪೈಪ್ ಅಡ್ಡ ಬಂದರೂ ಗಾಜು ಮಿಣುಕುತ್ತದೆ. ಸೆನ್ಸಿಟಿವಿಟಿ ಏರಿಸಿ, ನಾಲ್ಕು ಸೆನ್ಸರ್ ಇರುವುದೇ ಮೇಲು. ಒಳ್ಳೆ ಹೆಲ್ಮೆಟ್‌ನಲ್ಲಿ ಗಾಜು ಕಪ್ಪಾಗದಿದ್ದರೂ ಅಲ್ಟ್ರಾವಯಲೆಟ್ ಕಿರಣ ಒಳಗೆ ಬರುವುದಿಲ್ಲ, ಕಣ್ಣು ಕುಕ್ಕುತ್ತದೆ ಅಷ್ಟೇ.
ನನಗೆ ಪೆಟ್ಟಾಗಿದ್ದು ಶೇಡ್‌ನಿಂದ ಅಲ್ಲ. "ಒಂದೇ ಟ್ಯಾಕ್ ತಾನೇ" (ತುಂಡುಗಳನ್ನು ಹಿಡಿದಿಡುವ ಚಿಕ್ಕ ಬೆಸುಗೆ) ಅಂತ ಹೆಲ್ಮೆಟ್ ಮೇಲೆತ್ತಿ, ಮುಖ ತಿರುಗಿಸಿ ಹತ್ತಾರು ಟ್ಯಾಕ್ ಹಾಕಿದ್ದೆ. ಸಂಜೆ ಆರಾಮಾಗಿದ್ದೆ. ರಾತ್ರಿ ಎರಡು ಗಂಟೆಗೆ ಕಣ್ಣೊಳಗೆ ಬಿಸಿ ಮರಳು ಸುರಿದಂತೆ ಆಗಿ ಎದ್ದು ಕೂತೆ, ರೆಪ್ಪೆ ತೆರೆಯಲೂ ಆಗಲಿಲ್ಲ.

ಉತ್ತರ 3:
ಗ್ಯಾಸ್ ವೆಲ್ಡಿಂಗ್‌ಗೆ ಈ ಲೆಕ್ಕ ತರಬೇಡಿ. ಅಲ್ಲಿ ತೆಳು ಕೆಲಸಕ್ಕೆ 4-5, ದಪ್ಪ ಪ್ಲೇಟ್‌ಗೆ 6-8, ಬ್ರೇಜಿಂಗ್‌ಗೆ 3-4 ಸಾಕು. ಆದರೆ ಅದೇ ಗ್ಯಾಸ್ ಕನ್ನಡಕ ಹಾಕಿಕೊಂಡು ಆರ್ಕ್ ನೋಡಬೇಡಿ, ಮಾರಾಯರೇ. ಹೊರಗಿನ ಪ್ಲಾಸ್ಟಿಕ್ ಗಾಜನ್ನೂ ಒರೆಸಿ ನೋಡಿ, ಅರ್ಧ "ಕಾಣಲ್ಲ" ಅಲ್ಲೇ ಇರುತ್ತದೆ.

ಪ್ರಶ್ನೆ ಕೇಳಿದವರು:
9ನೇ ನಂಬರ್ ಗಾಜು ಹಾಕಿ ನೋಡಿದೆ. ತಂತಿಯ ತುದಿ ಕರಗಿ ಇಳಿಯುವುದು ಈಗ ಕಾಣುತ್ತಿದೆ. ಬೀಡ್ (ಬೆಸುಗೆಯ ಗೆರೆ) ಮಾತ್ರ ಇನ್ನೂ ಹಾವು ಹರಿದ ಹಾಗೇ ಇದೆ, ಅದಕ್ಕೆ ಗಾಜನ್ನು ಬೈಯುವ ಹಾಗಿಲ್ಲ.